ಇಳಿಸಲು ಕಲಿತ ಕೈ

ಹತ್ತು ಮೀಟರ್ ಏರ್ ಪಿಸ್ತೂಲಿನ ಮೇಲೆ ಗುರಿ ನೋಡಲು ಎರಡು ಸೈಟ್ ಇರುತ್ತವೆ. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ ಸುಮಾರು 32 ಸೆಂ.ಮೀ. ಅಂತರ. ಹಿಂದಿನದರ ಕಚ್ಚಿನ ನಟ್ಟನಡುವೆ ಕಾಣಬೇಕಾದ ಮುಂದಿನ ಸೈಟ್ ಒಂದೇ ಒಂದು ಮಿ.ಮೀ. ಪಕ್ಕಕ್ಕೆ ಸರಿಯಿತು ಅಂದುಕೊಳ್ಳಿ. ಹತ್ತು ಮೀಟರ್ ಆಚೆ ಗುಂಡು 31 ಮಿ.ಮೀ. ತಪ್ಪುತ್ತದೆ, ಏಳು ಅಂಕದ ವೃತ್ತಕ್ಕೆ ಬೀಳುತ್ತದೆ. ಅದೇ ಎರಡು ಸೈಟ್‌ಗಳೂ ಒಂದಕ್ಕೊಂದು ಸರಿಯಾಗಿ ಕೂತಿದ್ದು, ಇಡೀ ಕೈ ಒಂದು ಮಿ.ಮೀ. ಅತ್ತ ಹೋಗಿದ್ದರೆ ಗುಂಡೂ ಒಂದೇ ಮಿ.ಮೀ. ಅತ್ತ ಹೋಗುತ್ತದೆ, ಅಷ್ಟೇ.

ಗುರಿಯ ನಟ್ಟನಡುವೆ ಇರುವ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಗುಂಡಿನ ವ್ಯಾಸ 4.5 ಮಿ.ಮೀ. ಗುಂಡಿನ ಅಂಚು ವೃತ್ತದ ಗೆರೆಗೆ ತಾಗಿದರೂ ಹತ್ತೇ ಆದ್ದರಿಂದ, ಗುಂಡಿನ ನಡು ಗುರಿಯ ನಡುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಸಾಕು. ಅಂದರೆ ಕೈ 8 ಮಿ.ಮೀ. ಅಲುಗಾಡಬಹುದು, ಆದರೆ ಸೈಟ್ ಕಾಲು ಮಿ.ಮೀ.ಗಿಂತ ಹೆಚ್ಚು ತಪ್ಪುವಂತಿಲ್ಲ. ಎರಡೂವರೆ ಹಾಳೆ ಕಾಗದದ ದಪ್ಪ ಅದು. ಈ ಲೆಕ್ಕ ತಲೆಗೆ ಇಳಿದ ದಿನ ಶೂಟರ್ ಒಬ್ಬರ ಅಭ್ಯಾಸದ ದಿಕ್ಕೇ ಬದಲಾಗುತ್ತದೆ.

ಹೊಸಬರು ಸಾಮಾನ್ಯವಾಗಿ ತದ್ವಿರುದ್ಧ ಮಾಡುತ್ತಾರೆ. ಕಣ್ಣನ್ನು ಕಪ್ಪು ಚುಕ್ಕೆಯ ಮೇಲೆ ನೆಟ್ಟು, ಕೈಯ ನಡುಕ ನಿಲ್ಲಿಸಲು ಹೆಣಗುತ್ತಾರೆ. ಕೈ ನಡುಗುವುದು ನಿಲ್ಲುವುದಿಲ್ಲ, ವಿಶ್ವ ಚಾಂಪಿಯನ್ನನದ್ದೂ ನಿಂತಿಲ್ಲ. ಹೃದಯ ಬಡಿಯುತ್ತದೆ, ಸ್ನಾಯು ಅದಿರುತ್ತದೆ. ಸೈಟ್ ಹತ್ತರ ಮೇಲೆ ಹಾದುಹೋದ ಕ್ಷಣಕ್ಕೆ "ಈಗ!" ಎಂದು ಬೆರಳು ಕಿತ್ತರೆ ಇಡೀ ಅಂಗೈ ಬಿಗಿಯುತ್ತದೆ, ಮಣಿಕಟ್ಟು ಬಾಗುತ್ತದೆ, ಸೈಟ್ ವಾಲುತ್ತದೆ. ಬಲಗೈಯವರ ಗುಂಡು ಹೀಗೆ ಬಿದ್ದಾಗ ಹೆಚ್ಚಾಗಿ ಕೆಳಗೆ ಎಡಕ್ಕೆ ಹೋಗಿರುತ್ತದೆ. ಹಾಗಾಗಿಯೇ ಹೆಚ್ಚಿನ ಪಿಸ್ತೂಲ್ ಶೂಟರ್‌ಗಳು ಕಪ್ಪಿನ ಮೇಲೆ ಗುರಿ ಇಡುವುದಿಲ್ಲ. ಕಪ್ಪಿನ ಕೆಳಗಿರುವ ಬಿಳಿಯಲ್ಲಿ ಒಂದು ಜಾಗ ಆರಿಸಿಕೊಂಡು, ಅಷ್ಟು ಜಾಗದೊಳಗೆ ಕೈ ತೇಲಲು ಬಿಡುತ್ತಾರೆ. ಗುಂಡು ಅಲ್ಲಿಂದ ಮೇಲೆ, ಹತ್ತಕ್ಕೆ ಬೀಳುವಂತೆ ಸೈಟ್ ಹೊಂದಿಸಿರುತ್ತಾರೆ. ಕಣ್ಣು ಪೂರ್ತಿ ಮುಂದಿನ ಸೈಟ್‌ನ ಮೇಲಂಚಿನ ಮೇಲೆ. ಕಪ್ಪು ಮಸುಕಾಗಿ ಕಾಣಬೇಕು. ಕಪ್ಪು ಚೂಪಾಗಿ ಕಾಣುತ್ತಿದೆ ಎಂದರೆ ಕಣ್ಣು ತಪ್ಪು ಜಾಗದಲ್ಲಿದೆ.

ಒಂದು ಗುಂಡಿನ ಕೆಲಸ ಹೀಗೆ ಸಾಗುತ್ತದೆ. ಕಾಲು ಭುಜದಗಲಕ್ಕೆ ಇಟ್ಟು ನಿಲ್ಲುವುದು. ಕಣ್ಣು ಮುಚ್ಚಿ ಕೈ ಎತ್ತಿ, ತೆರೆದು ನೋಡುವುದು. ಪಿಸ್ತೂಲು ಎಡಕ್ಕೆ ನೋಡುತ್ತಿದ್ದರೆ ತೋಳಿನಿಂದ ಎಳೆದು ಸರಿಪಡಿಸಬಾರದು, ಹಿಂದಿನ ಕಾಲನ್ನು ಎಡಕ್ಕೆ ಸ್ವಲ್ಪ ಸರಿಸಬೇಕು. ತೋಳಿನಿಂದ ಸರಿಪಡಿಸಿದ್ದು ಹತ್ತನೇ ಗುಂಡಿನ ಹೊತ್ತಿಗೆ ದಣಿದು ವಾಪಸ್ ತನ್ನ ಜಾಗಕ್ಕೆ ಹೋಗುತ್ತದೆ. ಖಾಲಿ ಕೈ ಜೇಬಿನಲ್ಲಿ ಅಥವಾ ಬೆಲ್ಟ್‌ನಲ್ಲಿ, ಆ ಭುಜ ಓಲಾಡದಿರಲಿ ಎಂದು. ಉಸಿರು ಎಳೆದುಕೊಳ್ಳುತ್ತಾ ಗುರಿಗಿಂತ ಮೇಲಕ್ಕೆ ಎತ್ತಿ, ಬಿಡುತ್ತಾ ನಿಧಾನಕ್ಕೆ ಕೆಳಗಿಳಿಸುತ್ತಾ ಎರಡು ಹಂತದ ಟ್ರಿಗರ್‌ನ ಮೊದಲ ಹಂತ ಒತ್ತಿಟ್ಟುಕೊಳ್ಳುವುದು. ಜಾಗಕ್ಕೆ ಬಂದು ನಿಂತ ಮೇಲೆ ನಾಲ್ಕರಿಂದ ಎಂಟು ಸೆಕೆಂಡು ಕೈ ಅತ್ಯಂತ ಸ್ಥಿರ. ಆ ಅವಧಿಯಲ್ಲಿ ಬೆರಳಿನ ಒತ್ತಡ ನಿಲ್ಲದೆ ಏರುತ್ತಲೇ ಇರಬೇಕು. ಗುಂಡು ಹೋದ ಮೇಲೂ ಒಂದೆರಡು ಸೆಕೆಂಡು ಸೈಟ್ ನೋಡುತ್ತಾ ನಿಲ್ಲಬೇಕು. ಗುಂಡು ನಳಿಗೆಯಿಂದ ಹೊರಬೀಳಲು ಕೆಲವೇ ಮಿಲಿಸೆಕೆಂಡು ಸಾಕು ನಿಜ. ಆದರೂ ಆ ನಿಲುವು ಬೇಕು, ಏಕೆಂದರೆ ಪರದೆಯಲ್ಲಿ ಸ್ಕೋರ್ ನೋಡಲು ಆತುರಪಡುವ ತಲೆ ಗುಂಡು ಹೋಗುವುದಕ್ಕೆ ಮುಂಚೆಯೇ ಅಲುಗಾಡಲು ಕಲಿಯುತ್ತದೆ.

ಹತ್ತು ಸೆಕೆಂಡು ದಾಟಿತೇ? ಕೈ ಇಳಿಸಬೇಕು. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಇದೇ ಅತ್ಯಂತ ಕಷ್ಟದ ವಿದ್ಯೆ. ಹತ್ತು ಸೆಕೆಂಡಿನ ನಂತರ ಕಣ್ಣು ಸೈಟ್‌ನ ಹಳೆಯ ಚಿತ್ರವನ್ನೇ ಹಿಡಿದುಕೊಂಡಿರುತ್ತದೆ, ಭುಜ ಸೋಲಲು ಶುರುವಾಗಿರುತ್ತದೆ. ಇಷ್ಟು ಹೊತ್ತು ಹಿಡಿದಿದ್ದೇನಲ್ಲ, ಹೊಡೆದೇ ಬಿಡೋಣ ಎಂದು ಮನಸ್ಸು ಹೇಳುತ್ತದೆ. ಎಂಟು, ಏಳು ಬೀಳುವುದು ಆಗಲೇ. ಇಳಿಸಿ, ಎರಡು ಉಸಿರು ತೆಗೆದುಕೊಂಡು, ಮತ್ತೆ ಎತ್ತುವವರ ಸ್ಕೋರ್ ಕಾರ್ಡಿನಲ್ಲಿ ಏಳು ಅಪರೂಪ. ಅಭ್ಯಾಸದಲ್ಲಿ ಇದನ್ನು ಬೇಕೆಂದೇ ಕಲಿಸಬೇಕು: ಹತ್ತು ಸಲ ಎತ್ತಿ, ಅದರಲ್ಲಿ ಮೂರು ಸಲ ಚೆನ್ನಾಗಿದ್ದರೂ ಹೊಡೆಯದೆ ಇಳಿಸು ಎಂದು. ಗುಂಡು ಹಾಕದೆ ಬಿಳಿ ಗೋಡೆಯ ಎದುರು ಮಾಡುವ ಡ್ರೈ ಫೈರ್ ಅಭ್ಯಾಸದ ಅರ್ಧಕ್ಕಿಂತ ಹೆಚ್ಚು ಸಮಯವನ್ನು ತೆಗೆದುಕೊಳ್ಳಬೇಕು. ಗುರಿಯೇ ಇಲ್ಲದ ಗೋಡೆಯ ಮುಂದೆ ಕಣ್ಣು ಸೈಟ್ ಬಿಟ್ಟು ಬೇರೆಲ್ಲಿಗೂ ಹೋಗಲಾರದು. ಅದರ ಜೊತೆಗೆ, ಟ್ರಿಗರ್ ಮುಟ್ಟದೆ 30 ಸೆಕೆಂಡು ಹಿಡಿದು ನಿಲ್ಲುವುದು, ಒಂದು ನಿಮಿಷ ವಿಶ್ರಾಂತಿ, ಹೀಗೆ ಹತ್ತು ಸುತ್ತು. ಭುಜ ಕಟ್ಟುವುದು ಅಲ್ಲಿ.

ಇಳಿಸಲು ಸಮಯ ಬೇಕು. ಅರ್ಹತಾ ಸುತ್ತಿನಲ್ಲಿ 60 ಗುಂಡಿಗೆ 75 ನಿಮಿಷ, ಗುಂಡಿಗೆ 75 ಸೆಕೆಂಡು. ಒಂದೆರಡು ಸಲ ಇಳಿಸಿ ಮತ್ತೆ ಎತ್ತಲು ಇದು ಧಾರಾಳ. ಈ ಧಾರಾಳತನ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ಮನು ಭಾಕರ್ ಅವರ ಟೋಕಿಯೊ ಒಲಿಂಪಿಕ್ಸ್ ಸುತ್ತಿನಲ್ಲಿ ಬಿಡಿಸಿ ನೋಡಬಹುದು.

ಹರಿಯಾಣದ ಝಜ್ಜರ್ ಜಿಲ್ಲೆಯ ಗೋರಿಯಾ ಗ್ರಾಮದ ಈ ಹುಡುಗಿ 2018ರಲ್ಲಿ, 16ನೇ ವಯಸ್ಸಿನಲ್ಲಿ, ಮೆಕ್ಸಿಕೊದ ಗ್ವಾಡಲಹಾರಾ ವಿಶ್ವಕಪ್‌ನಲ್ಲಿ ವೈಯಕ್ತಿಕ ಮತ್ತು ಮಿಶ್ರ ತಂಡ ಎರಡರಲ್ಲೂ ಚಿನ್ನ ಗೆದ್ದರು. ಅದೇ ವರ್ಷ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಚಿನ್ನ, ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್ ಚಿನ್ನ. ಮಹಿಳೆಯರ ಸುತ್ತು 40 ಗುಂಡಿನಿಂದ 60ಕ್ಕೆ ಏರಿದ ವರ್ಷವೂ ಅದೇ. 2021ರ ಜುಲೈ 25ರಂದು ಟೋಕಿಯೊದಲ್ಲಿ ಮೊದಲ ಹತ್ತು ಗುಂಡಿಗೆ 98 ಬಂತು. ಎರಡನೇ ಸೀರೀಸ್‌ನ, ಅಂದರೆ ಎರಡನೇ ಹತ್ತು ಗುಂಡಿನ ಕಂತಿನ ನಡುವೆ, 16 ಗುಂಡು ಆಗಿದ್ದಾಗ, ಪಿಸ್ತೂಲು ಕೈಕೊಟ್ಟಿತು. ರೇಂಜ್ ಬಿಟ್ಟು ಹೋಗಿ ರಿಪೇರಿ ಮಾಡಿಸಿಕೊಂಡು ಬರಬೇಕಾಯಿತು. ಶೂಟರ್‌ನ ಸ್ವಂತ ಪಿಸ್ತೂಲು ಕೆಟ್ಟರೆ ಗಡಿಯಾರ ನಿಲ್ಲುವುದಿಲ್ಲ. ವಾಪಸ್ ಬಂದಾಗ 44 ಗುಂಡು ಬಾಕಿ, 40 ನಿಮಿಷಕ್ಕೂ ಕಡಿಮೆ ಸಮಯ. ಅಂದರೆ ಗುಂಡಿಗೆ ಒಂದು ನಿಮಿಷವೂ ಇಲ್ಲ. ಎತ್ತಿದ್ದನ್ನು ಇಳಿಸುವ ಸ್ವಾತಂತ್ರ್ಯ ಹೋಯಿತು. ನಂತರದ ಸೀರೀಸ್‌ಗಳು 95, 94, 95, 98, 95. ಒಟ್ಟು 575, ಹನ್ನೆರಡನೇ ಸ್ಥಾನ, ಫೈನಲ್‌ಗೆ ಎರಡು ಅಂಕ ಕಡಿಮೆ. ಒತ್ತಡಕ್ಕೆ ಕುಸಿದಳು ಎಂದು ಅಂದು ಬರೆದವರು ಐದನೇ ಸೀರೀಸ್‌ನ 98 ಅನ್ನು ನೋಡಲೇ ಇಲ್ಲ. ಅಂಥ ಗಡಿಯಾರದ ಎದುರು ಆ 98 ಬಹಳ ದೊಡ್ಡ ಶೂಟಿಂಗ್.

ಇದರಿಂದ ಪ್ರತಿ ಶೂಟರ್ ಕಲಿಯಬೇಕಾದ್ದು ಚೀಲದೊಳಗಿನ ಪಾಠ. ಎರಡನೇ ಪಿಸ್ತೂಲು ಒಯ್ದರೆ ಸಾಲದು. ಅದರ ಗ್ರಿಪ್, ಅಂದರೆ ಹಿಡಿ, ಮೊದಲನೆಯದರ ಅಚ್ಚಿನಂತೆಯೇ ಇರಬೇಕು. ಟ್ರಿಗರ್‌ನ ಎರಡೂ ಹಂತ ಅಷ್ಟೇ ಭಾರಕ್ಕೆ ಕೂತಿರಬೇಕು. ಸೈಟ್ ಹೊಂದಿಸಿಟ್ಟು, ತಿಂಗಳಿಗೊಮ್ಮೆ ಅದರಲ್ಲೇ ಪೂರ್ತಿ 60 ಗುಂಡಿನ ಪಂದ್ಯ ಆಡಿರಬೇಕು. ಟ್ರಿಗರ್ ಎಲೆಕ್ಟ್ರಾನಿಕ್ ಆಗಿದ್ದರೆ ಹೊಸ ಬ್ಯಾಟರಿ, ಗಾಳಿ ತುಂಬುವ ಸಿಲಿಂಡರ್ ಬಾಯಿಯ ರಬ್ಬರ್ ಉಂಗುರಗಳು, ಅಲೆನ್ ಕೀ ಒಂದು ಜೊತೆ, ಇವೆಲ್ಲ ಒಂದೇ ಡಬ್ಬಿಯಲ್ಲಿ ಕೈಗೆಟುಕುವಂತಿರಬೇಕು.

ಸಿಲಿಂಡರ್ ವಿಷಯದಲ್ಲಿ ಇನ್ನೊಂದು ಮಾತು. ಇದನ್ನು 200 ಬಾರ್ ಒತ್ತಡಕ್ಕೆ ತುಂಬುತ್ತಾರೆ. ಅದರ ಮೇಲೆ ತಯಾರಿಕೆಯ ದಿನಾಂಕ ಕೊರೆದಿರುತ್ತದೆ, ತಯಾರಕರು ಹೇಳುವ ಆಯಸ್ಸು ಹತ್ತು ವರ್ಷ. ಅವಧಿ ಮುಗಿದದ್ದನ್ನು ಒಯ್ದು ವಿದೇಶದ ಉಪಕರಣ ತಪಾಸಣೆಯಲ್ಲಿ ನಿಲ್ಲುವುದು ಬೇಡ. ವಿಮಾನದಲ್ಲಿ ಒಯ್ಯುವಾಗ ಖಾಲಿ ಮಾಡಿಯೇ ಒಯ್ಯಬೇಕು.

ತಪಾಸಣೆಯಲ್ಲಿ ನೋಡುವುದು ಇವನ್ನು: ಪಿಸ್ತೂಲು 1500 ಗ್ರಾಂ ಮೀರಬಾರದು, 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು, ನಳಿಗೆ ಮೇಲ್ಮುಖವಾಗಿ ಹಿಡಿದಾಗ ಟ್ರಿಗರ್ ಕಳಚದೆ 500 ಗ್ರಾಂ ತೂಕವನ್ನು ಎತ್ತಬೇಕು. ಗ್ರಿಪ್ ಮಣಿಕಟ್ಟಿಗೆ ಆಸರೆ ಕೊಡಬಾರದು. ಬೂಟು ಪಾದದ ಗಂಟು ಮುಚ್ಚಬಾರದು. ಟ್ರಿಗರ್ ಅನ್ನು ಸರಿಯಾಗಿ 500ಕ್ಕೇ ಕೂರಿಸುವವರಿದ್ದಾರೆ. ತಪ್ಪು ಅದು. ಪಂದ್ಯ ಮುಗಿದ ಮೇಲೂ ಚೀಟಿ ಎತ್ತಿ ಕೆಲವರ ಟ್ರಿಗರನ್ನು ಮತ್ತೆ ತೂಗುತ್ತಾರೆ, ಆಗ ಎತ್ತದಿದ್ದರೆ ಅನರ್ಹತೆಯೇ. ಸ್ಕ್ರೂ ಸಡಿಲಾಗಬಹುದು, ಊರಿಂದೂರಿಗೆ ಬಿಸಿ ತಂಪು ಬದಲಾಗಬಹುದು. 510ರಿಂದ 520ಕ್ಕೆ ಇಟ್ಟರೆ ನೆಮ್ಮದಿ. ಆ ಹದಿನೈದು ಗ್ರಾಂ ಬೆರಳಿಗೆ ಗೊತ್ತೂ ಆಗುವುದಿಲ್ಲ. ಅದರಲ್ಲಿ ಮೊದಲ ಹಂತಕ್ಕೆ 350ರಿಂದ 400, ಉಳಿದದ್ದು ಎರಡನೇ ಹಂತಕ್ಕೆ. ಮೊದಲ ಹಂತ ಭಾರವಿದ್ದಷ್ಟೂ ಕೊನೆಯ ಒತ್ತು ಹಗುರ.

ಗ್ರಿಪ್‌ಗೆ ಮಾತ್ರ ಅವಸರ ಬೇಡ. ಹೊಸ ಮರದ ಗ್ರಿಪ್ ಯಾರ ಕೈಗೂ ಕೂರುವುದಿಲ್ಲ. ಅಂಗೈ ಎಲ್ಲಿ ಟೊಳ್ಳಾಗಿದೆಯೋ ಅಲ್ಲಿಗೆ ಮರದ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜುಕಾಗದದಲ್ಲಿ ಉಜ್ಜಿ, ಒಂದು ವಾರ ಆಡಿ, ಮತ್ತೆ ಉಜ್ಜಬೇಕು. ಕಣ್ಣು ಮುಚ್ಚಿ ಹಿಡಿದು ಎತ್ತಿ ತೆರೆದಾಗ ಮುಂದಿನ ಸೈಟ್ ತಾನಾಗಿಯೇ ಕಚ್ಚಿನ ನಡುವೆ ನಿಂತಿರಬೇಕು. ಪ್ರತಿ ಸಲ ಮಣಿಕಟ್ಟು ತಿರುಚಿ ಸರಿಮಾಡಬೇಕಾಗಿ ಬಂದರೆ ಗ್ರಿಪ್ ತಪ್ಪಾಗಿದೆ, ಕೈ ಅಲ್ಲ. ಪಂದ್ಯಕ್ಕೆ ಎರಡು ವಾರ ಇರುವಾಗ ಮಾತ್ರ ಪುಟ್ಟಿ, ಉಜ್ಜುಕಾಗದ ಎರಡನ್ನೂ ಬೀಗ ಹಾಕಿ ಇಡಿ.

ನಮ್ಮ ದೇಶದಲ್ಲಿ ದಾರಿ ಸಾಮಾನ್ಯವಾಗಿ ಕ್ಲಬ್, ರಾಜ್ಯ ಚಾಂಪಿಯನ್‌ಶಿಪ್, ಮಾವಳಂಕರ್ ಅಖಿಲ ಭಾರತ ಸ್ಪರ್ಧೆಯಂಥ ಮೆಟ್ಟಿಲು, ಆಮೇಲೆ ರಾಷ್ಟ್ರೀಯ ಚಾಂಪಿಯನ್‌ಶಿಪ್, ಅಲ್ಲಿಂದ ಆಯ್ಕೆ ಟ್ರಯಲ್ಸ್. ಪ್ರತಿ ಮೆಟ್ಟಿಲಿಗೂ ಕನಿಷ್ಠ ಅರ್ಹತಾ ಅಂಕ ಇದೆ. ಏರ್ ಪಿಸ್ತೂಲಿಗೆ ಆಯುಧ ಪರವಾನಗಿ ಬೇಡ, 25 ಮೀಟರ್‌ನ ಪಾಯಿಂಟ್ 22 ಪಿಸ್ತೂಲಿಗೆ ಬೇಕು. ಬಹುಪಾಲು ಮಕ್ಕಳು ಹತ್ತು ಮೀಟರ್‌ನಲ್ಲೇ ಶುರುಮಾಡಲು ಇದೂ ಒಂದು ಕಾರಣ. ಹೊರಗಿನವರಿಗೆ ಅಚ್ಚರಿಯಾಗುವ ಸಂಗತಿ ಇನ್ನೊಂದಿದೆ: ಒಲಿಂಪಿಕ್ ಕೋಟಾ ಗೆದ್ದ ಶೂಟರ್‌ಗೆ ಆ ಜಾಗ ಸ್ವಂತವಲ್ಲ, ಅದು ದೇಶದ್ದು. ಪ್ಯಾರಿಸ್‌ಗೆ ಮುಂಚೆ 2024ರ ಏಪ್ರಿಲ್, ಮೇ ತಿಂಗಳಲ್ಲಿ ದೆಹಲಿ ಮತ್ತು ಭೋಪಾಲ್‌ನಲ್ಲಿ ನಾಲ್ಕು ಟ್ರಯಲ್ ನಡೆದವು. ಹೆಸರು ಎಷ್ಟೇ ದೊಡ್ಡದಿದ್ದರೂ ಅಲ್ಲಿ ಮತ್ತೆ ನಿಂತು ಹೊಡೆಯಬೇಕಿತ್ತು. ಕಠಿಣ ಪದ್ಧತಿ, ಆದರೆ ನನಗೆ ಸರಿ ಅನಿಸುತ್ತದೆ. ಎರಡು ವರ್ಷದ ಹಿಂದಿನ ಫಾರ್ಮ್ ಇಂದು ಗುಂಡು ಹೊಡೆಯುವುದಿಲ್ಲ.

ಈ ದಾರಿಯಲ್ಲಿ ನಡೆದ ನಮ್ಮ ಬೆಂಗಳೂರಿನ ಇಬ್ಬರನ್ನು ಇಲ್ಲಿ ನೆನೆಯಲೇಬೇಕು. ಪ್ರಕಾಶ್ ನಂಜಪ್ಪ 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನಲ್ಲಿ ಹತ್ತು ಮೀಟರ್ ಕಂಚು ಗೆದ್ದರು. ಅದೇ ವರ್ಷ ಮುಖದ ಪಾರ್ಶ್ವವಾಯು ಅವರನ್ನು ಕಾಡಿತು. ರೆಪ್ಪೆ, ಕೆನ್ನೆ ಹಿಡಿತದಲ್ಲಿಲ್ಲದಿದ್ದರೆ ಸೈಟ್ ನೋಡುವ ಕಣ್ಣಿನ ಗತಿ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಅದರಿಂದ ಎದ್ದು ಬಂದು 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊದಲ್ಲಿ 50 ಮೀಟರ್ ಪಿಸ್ತೂಲ್ ಆಡಿದರು. ಬ್ಯಾಸ್ಕೆಟ್‌ಬಾಲ್‌ನಿಂದ ಶೂಟಿಂಗ್‌ಗೆ ಬಂದ ದಿವ್ಯಾ ಟಿ.ಎಸ್. 2023ರಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಬಾಕು ವಿಶ್ವಕಪ್ ಮಿಶ್ರ ತಂಡದ ಚಿನ್ನ ಗೆದ್ದು, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು.

ಅರ್ಹತಾ ಸುತ್ತಿಗೂ ಫೈನಲ್‌ಗೂ ಆಟವೇ ಬೇರೆ. ಅರ್ಹತೆಯಲ್ಲಿ ಪೂರ್ಣಾಂಕ: 10.0 ಆದರೂ ಹತ್ತು, 10.9 ಆದರೂ ಹತ್ತು. ಫೈನಲ್‌ನಲ್ಲಿ ದಶಮಾಂಶ, ಪ್ರತಿ 0.1ಕ್ಕೆ 0.8 ಮಿ.ಮೀ. ಅರ್ಹತೆಯ ಅಂಕ 2013ರಿಂದ ಫೈನಲ್‌ಗೆ ಬರುವುದಿಲ್ಲ, ಎಂಟೂ ಜನ ಸೊನ್ನೆಯಿಂದ ಶುರು. ಪ್ಯಾರಿಸ್‌ನಲ್ಲಿ ಐದೈದು ಗುಂಡಿನ ಎರಡು ಸೀರೀಸ್, ತಲಾ 250 ಸೆಕೆಂಡು. ನಂತರ ಒಂದೊಂದೇ ಗುಂಡು, ತಲಾ 50 ಸೆಕೆಂಡು. 12ನೇ ಗುಂಡಿನಿಂದ ಪ್ರತಿ ಎರಡು ಗುಂಡಿಗೊಬ್ಬರು ಹೊರಗೆ. ಐವತ್ತು ಸೆಕೆಂಡಿನಲ್ಲಿ ಒಮ್ಮೆ ಇಳಿಸಿ ಮತ್ತೆ ಎತ್ತಬಹುದು, ಎರಡನೇ ಸಲಕ್ಕೆ ಜಾಗವಿಲ್ಲ. ಆದ್ದರಿಂದ ಫೈನಲ್‌ನ ತಯಾರಿಯಲ್ಲಿ ಗಡಿಯಾರ ಇಟ್ಟುಕೊಂಡು, ಮೊದಲ 20 ಸೆಕೆಂಡಿನೊಳಗೆ ಎತ್ತುವುದನ್ನೂ, ಇಳಿಸಬೇಕಾದರೆ 30ರ ಒಳಗೆ ಇಳಿಸುವುದನ್ನೂ ದೇಹಕ್ಕೆ ರೂಢಿ ಮಾಡಿಸಬೇಕು.

ಮನು ಭಾಕರ್ 2023ರಲ್ಲಿ ಮತ್ತೆ ಜಸ್ಪಾಲ್ ರಾಣಾ ಅವರ ಬಳಿ ತರಬೇತಿಗೆ ಮರಳಿದ್ದರು. ಪ್ಯಾರಿಸ್‌ನಲ್ಲಿ ಅರ್ಹತೆಯಲ್ಲಿ 580 ಹೊಡೆದು ಮೂರನೆಯವರಾಗಿ ಬಂದರು. ಜುಲೈ 28ರ ಫೈನಲ್‌ನಲ್ಲಿ 22 ಗುಂಡಿಗೆ 221.7 ಆಗಿ ಕಂಚು. ಬೆಳ್ಳಿಯ ಕಿಮ್ ಯೆಜಿ ಆ ಹಂತದಲ್ಲಿ 0.1 ಮುಂದಿದ್ದರು. ಇಪ್ಪತ್ತೆರಡು ಗುಂಡುಗಳ ಲೆಕ್ಕ ಎಲ್ಲ ಕೂಡಿ 0.8 ಮಿ.ಮೀ.ಗೆ ಬಂದು ನಿಂತಿತು. ಚಿನ್ನ 243.2 ಹೊಡೆದ ಓ ಯೆಜಿನ್ ಅವರದು. ಎರಡು ದಿನದ ಮೇಲೆ ಮಿಶ್ರ ತಂಡದಲ್ಲಿ ಸರಬ್‌ಜೋತ್ ಜೊತೆ ಕೊರಿಯಾವನ್ನು 16–10ರಿಂದ ಸೋಲಿಸಿ ಎರಡನೇ ಕಂಚು. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಸ್ವತಂತ್ರ ಭಾರತದ ಯಾರಿಗೂ ಅದುವರೆಗೆ ಸಿಕ್ಕಿರಲಿಲ್ಲ. 25 ಮೀಟರ್‌ನಲ್ಲಿ ನಾಲ್ಕನೆಯವರಾದರು.

ಆ 25 ಮೀಟರ್ ಬೇರೆಯೇ ಕಸುಬು. ಪಾಯಿಂಟ್ 22 ಗುಂಡು, 1000 ಗ್ರಾಂ ಟ್ರಿಗರ್. ಮೊದಲ 30 ಗುಂಡು ನಿಧಾನದ್ದು, ಐದಕ್ಕೆ ಐದು ನಿಮಿಷ. ಮುಂದಿನ 30ರಲ್ಲಿ ತೋಳು 45 ಡಿಗ್ರಿ ಕೆಳಗೆ ಹಿಡಿದು ಕಾಯಬೇಕು. ಹಸಿರು ದೀಪ ಮೂರು ಸೆಕೆಂಡು ಉರಿಯುತ್ತದೆ, ಅಷ್ಟರಲ್ಲಿ ಎತ್ತಿ ಒಂದು ಗುಂಡು. ಏಳು ಸೆಕೆಂಡು ಬಿಟ್ಟು ಮತ್ತೆ ಹಸಿರು. ಇಲ್ಲಿ ಇಳಿಸುವ ಮಾತೇ ಇಲ್ಲ. ಕೈ ಮೇಲೇರುತ್ತಿರುವಾಗಲೇ ಟ್ರಿಗರ್‌ನ ಮೊದಲ ಹಂತ ಮುಗಿದಿರಬೇಕು. ಗುರಿಯ ಜಾಗಕ್ಕೆ ಬಂದ ಮೇಲೆ ಬೆರಳು ಶುರುಮಾಡಿದರೆ ಮೂರನೇ ಸೆಕೆಂಡಿನ ಗಾಬರಿಯಲ್ಲಿ ಕೀಳುವುದೇ ಆಗುತ್ತದೆ. ಹತ್ತು ಮೀಟರ್‌ನಿಂದ ಬಂದವರು ಎಡವುವುದು ಇಲ್ಲೇ.

50 ಮೀಟರ್ ಪಿಸ್ತೂಲನ್ನು ಒಲಿಂಪಿಕ್ಸ್ ರಿಯೊದ ನಂತರ ಕೈಬಿಟ್ಟಿತು. ಅದರ ಕೊನೆಯ ಫೈನಲ್‌ನಲ್ಲಿ ಕೊರಿಯಾದ ಜಿನ್ ಜಾಂಗ್‌-ಓ ಒಂಬತ್ತನೇ ಗುಂಡಿಗೆ 6.6 ಹೊಡೆದರು. ಹೊರಬೀಳುವ ಅಂಚಿಗೆ ಬಂದು, ಅಲ್ಲಿಂದ ಒಂದೊಂದೇ ಗುಂಡಿಗೆ ಮೇಲೆದ್ದು ಚಿನ್ನ ಗೆದ್ದರು. ಆ 6.6ರ ಗುಂಡನ್ನೂ ಅದರ ಮುಂದಿನದನ್ನೂ ತರಬೇತಿ ಪಡೆಯುವ ಮಕ್ಕಳಿಗೆ ತೋರಿಸಬೇಕು ಎಂಬುದು ನನ್ನ ಆಸೆ.

ಔಷಧದ ಬಗ್ಗೆ ಚಿಕ್ಕದಾಗಿ: ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಹೃದಯದ ಬಡಿತ, ಕೈನಡುಕ ಎರಡನ್ನೂ ತಗ್ಗಿಸುತ್ತವೆ. ಶೂಟಿಂಗ್‌ನಲ್ಲಿ ಪಂದ್ಯದ ದಿನವಷ್ಟೇ ಅಲ್ಲ, ವರ್ಷಪೂರ್ತಿ ನಿಷೇಧ. ಉತ್ತರ ಕೊರಿಯಾದ ಕಿಮ್ ಜಾಂಗ್‌-ಸು 2008ರಲ್ಲಿ ಪ್ರೊಪ್ರನಾಲಾಲ್ ಎಂಬ ಇಂಥದೇ ಔಷಧದಿಂದಾಗಿ ಎರಡು ಒಲಿಂಪಿಕ್ ಪದಕ ಕಳೆದುಕೊಂಡರು. ಮನೆಯ ವೈದ್ಯರು ಬರೆದುಕೊಟ್ಟದ್ದಾದರೂ ಮೊದಲು ಪಟ್ಟಿ ನೋಡಿ, ಆಮೇಲೆ ನುಂಗಿ. ಹಾಗೆಯೇ ಗುಂಡು ಸೀಸದ್ದು. ರೇಂಜ್‌ನಿಂದ ಬಂದವರು ತಿಂಡಿ ಮುಟ್ಟುವ ಮುಂಚೆ ತಣ್ಣೀರು, ಸೋಪಿನಲ್ಲಿ ಕೈ ತೊಳೆಯಬೇಕು.

ಈ ಆಟದಲ್ಲಿ ಮೊದಲು ಮುಪ್ಪಾಗುವುದು ಕೈಯಲ್ಲ, ಕಣ್ಣು. ಜಾರ್ಜಿಯಾದ ನಿನೊ ಸಲುಕ್‌ವಾಜೆ 1988ರಲ್ಲಿ ಸೋಲ್‌ನಲ್ಲಿ 25 ಮೀಟರ್ ಚಿನ್ನ ಗೆದ್ದವರು, 2016ರಲ್ಲಿ ಮಗನ ಜೊತೆ ರಿಯೊದಲ್ಲಿ ಆಡಿದವರು, 55ನೇ ವಯಸ್ಸಿನಲ್ಲಿ ಪ್ಯಾರಿಸ್‌ಗೆ ಬಂದಾಗ ಅದು ಅವರ ಹತ್ತನೇ ಒಲಿಂಪಿಕ್ಸ್. ನಲವತ್ತು ದಾಟಿದ ಮೇಲೆ ಮುಂದಿನ ಸೈಟ್ ಮಸುಕಾಗತೊಡಗಿದರೆ ಆಟ ಮುಗಿಯಿತೆಂದು ಪಿಸ್ತೂಲು ಪೆಟ್ಟಿಗೆಗೆ ಹಾಕಬೇಡಿ. ನಿಂತ ಭಂಗಿಯಲ್ಲೇ ಕಣ್ಣಿನಿಂದ ಮುಂದಿನ ಸೈಟ್‌ಗೆ ಎಷ್ಟು ಸೆಂ.ಮೀ. ಎಂದು ಯಾರಿಂದಲಾದರೂ ಅಳತೆ ಮಾಡಿಸಿ, ಆ ಅಂಕಿ ಬರೆದುಕೊಂಡು ಕನ್ನಡಕದವರ ಬಳಿ ಹೋಗಿ. ಓದುವ ಕನ್ನಡಕ ಬೇಡ, ಅದರಲ್ಲಿ ಗುರಿ ಪೂರ್ತಿ ಕರಗಿಹೋಗುತ್ತದೆ. ದೂರದ ನಂಬರಿಗೆ ಅರ್ಧ ಅಥವಾ ಮುಕ್ಕಾಲು ಡಯಾಪ್ಟರ್ ಸೇರಿಸಿದರೆ ಹೆಚ್ಚಿನವರಿಗೆ ಸಾಕು. ಎರಡನ್ನೂ ಪ್ರಯೋಗದ ಚೌಕಟ್ಟಿನಲ್ಲಿ ಹಾಕಿಸಿಕೊಂಡು, ಬರೆದುಕೊಂಡ ಅಷ್ಟೇ ದೂರದಲ್ಲಿ ಯಾರಿಂದಲಾದರೂ ಹೆಬ್ಬೆರಳು ಹಿಡಿಸಿ, ಅದರ ಉಗುರಿನ ಅಂಚು ನೋಡಿ. ಉಗುರು ಚೂಪಾಗಿ, ಎದುರು ಗೋಡೆಯ ಅಕ್ಷರ ಮಸುಕಾದರೂ ಗುರುತು ಸಿಗುವಂತೆ ಯಾವುದರಲ್ಲಿ ಕಾಣುತ್ತದೋ ಆ ಗಾಜನ್ನು ಮಾಡಿಸಿಕೊಳ್ಳಿ.